ಜೆಟ್ ಬೋಟಿನ ಐಡ್ಲಿಂಗ್ ತೊಂದರೆ: ಮಲ್ಪೆಯಿಂದ ಪಣಂಬೂರುವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಲ್ಪೆ, ಪಡುಕೆರೆ, ಸಸಿಹಿತ್ಲು, ತಣ್ಣೀರುಬಾವಿ, ಪಣಂಬೂರು, ಈ ಕಡೆ ಜೆಟ್ ಸ್ಕೀ ಓಡಿಸುವವರು, ಸ್ವಂತಕ್ಕೆ ಸಣ್ಣ ಜೆಟ್ ಬೋಟ್ ಇಟ್ಕೊಂಡವರು ಫೋನಲ್ಲಿ ಕೇಳುದು, ದಕ್ಕೆಯಲ್ಲಿ ಸಿಕ್ಕಿದಾಗ ಕೇಳುದು ಹೆಚ್ಚುಕಡಿಮೆ ಇದೇ ಪ್ರಶ್ನೆಗಳು. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಬಿಚ್ಚಿ ನೋಡುವಂಥದ್ದು ಆಮೇಲೆ. ನಿಮ್ಮ ತೊಂದರೆ ಎಲ್ಲಿ ಉಂಟೋ ಅದನ್ನು ಮಾತ್ರ ಓದಿದ್ರೂ ಸಾಕು, ಆದರೆ ಮೂರನೇ ಪ್ರಶ್ನೆಯನ್ನು ಮಾತ್ರ ಎಲ್ಲರೂ ಓದಿ.

## ಶುರುವಿಗೆ ಗೊತ್ತಿರಬೇಕಾದ್ದು

ಅಣ್ಣ, ಲಿವರ್ ನ್ಯೂಟ್ರಲ್‌ಗೆ ಹಾಕಿದ್ರೂ ಬೋಟ್ ಮೆಲ್ಲ ಮುಂದೆ ಹೋಗ್ತಾನೇ ಇರ್ತದೆ, ಇದು ಕಂಪ್ಲೇಂಟಾ?

ಅಲ್ಲ. ಜೆಟ್ ಸ್ಕೀಯಲ್ಲಿ ನಿಜವಾದ ನ್ಯೂಟ್ರಲ್ ಅಂತ ಇರುದೇ ಇಲ್ಲ. ಗೇರ್ ಇಲ್ಲ, ಕ್ಲಚ್ ಇಲ್ಲ, ಎಂಜಿನಿನ ಕ್ರ್ಯಾಂಕಿಗೆ ಶಾಫ್ಟ್ ನೇರ ಜೋಡಿಸಿರ್ತದೆ, ಶಾಫ್ಟಿನ ತುದಿಯಲ್ಲಿ ಇಂಪೆಲ್ಲರ್, ಅಂದ್ರೆ ನೀರು ತಳ್ಳುವ ರೆಕ್ಕೆಯ ಚಕ್ರ. ಎಂಜಿನ್ ಸ್ಟಾರ್ಟ್ ಆದ ಗಳಿಗೆಯಿಂದ ಇಂಪೆಲ್ಲರ್ ತಿರುಗಿ ನೀರು ಹಿಂದೆ ಹಾಕ್ತಾನೇ ಇರ್ತದೆ. ಲಿವರ್ ಹಾಕಿದಾಗ ಆಗುದಿಷ್ಟೇ, ಹಿಂದೆ ನೀರು ಹೊರಬರುವ ಬಾಯಿಗೆ ಅಡ್ಡ ಬರುವ ಬಕೆಟ್ ಅರ್ಧ ಇಳಿದು ಹೊರಗೆ ಬರುವ ನೀರನ್ನು ಸ್ವಲ್ಪ ಮುಂದಕ್ಕೆ ಸ್ವಲ್ಪ ಹಿಂದಕ್ಕೆ ತಿರುಗಿಸ್ತದೆ, ಎರಡೂ ಸರಿಯಾಗಿ ಸಮ ಆದ್ರೆ ಬೋಟ್ ನಿಂತ ಹಾಗೆ ಕಾಣ್ತದೆ. ಕೇಬಲ್ ಸ್ವಲ್ಪ ಸಡಿಲ ಆದ್ರೆ ಒಂದು ಕಡೆಗೆ ಎಳೀತದೆ, ಅದನ್ನು ಅಡ್ಜಸ್ಟ್ ಮಾಡ್ಬಹುದು. ದೊಡ್ಡ ಬೋಟುಗಳಲ್ಲಿ ಜೆಟ್ಟಿಗೂ ಎಂಜಿನಿಗೂ ಮಧ್ಯ ಗೇರ್‌ಬಾಕ್ಸ್ ಇರುದುಂಟು, ಅದರ ಮಾತು ಬೇರೆ.

ಇದನ್ನು ಮೊದಲು ಹೇಳಿದ್ದು ಯಾಕೆ ಅಂದ್ರೆ ಜೆಟ್ಟಿನ ಐಡ್ಲಿಂಗ್ (ಥ್ರಾಟಲ್ ಕೊಡದೆ ಎಂಜಿನ್ ಮೆಲ್ಲ ಓಡ್ತಾ ಇರುದು) ಅಂದ್ರೆ ಯಾವಾಗ್ಲೂ ಲೋಡ್ ಮೇಲಿನ ಐಡ್ಲಿಂಗ್. ಪ್ರೊಪೆಲ್ಲರ್ ಬೋಟಲ್ಲಿ ನ್ಯೂಟ್ರಲ್ ಹಾಕಿ ಎಂಜಿನ್ ಒಂದನ್ನೇ ನೋಡ್ಲಿಕ್ಕೆ ಆಗ್ತದೆ, ಇಲ್ಲಿ ನೀರಲ್ಲಿರುವಾಗ ಎಂಜಿನ್ ಮತ್ತು ಪಂಪ್ ಎರಡನ್ನೂ ಒಟ್ಟಿಗೇ ನೋಡ್ಬೇಕು.

ಐಡ್ಲಿಂಗ್ ಎಷ್ಟು ಆರ್‌ಪಿಎಂ ಇರ್ಬೇಕು?

ಈಗಿನ ಫೋರ್ ಸ್ಟ್ರೋಕ್ ಜೆಟ್ ಸ್ಕೀಗಳಲ್ಲಿ ಸಾಮಾನ್ಯ 1200ರಿಂದ 1800ರ ಒಳಗೆ, ಮಾಡೆಲ್ ಮೇಲೆ ಹೋಗ್ತದೆ. ನಿಮ್ಮದರ ಮ್ಯಾನುವಲ್‌ನಲ್ಲಿ ಎಷ್ಟು ಅಂತ ಉಂಟೋ ಅದೇ ಸರಿ, ಪಕ್ಕದ ಬೋಟಿನ ಲೆಕ್ಕ ಬೇಡ. ಮತ್ತೊಂದು, ಅದನ್ನು ನೀರಲ್ಲಿ ಅಳೀಬೇಕೋ ಹೊರಗೆ ಅಳೀಬೇಕೋ ಅಂತಲೂ ಅದರಲ್ಲೇ ಇರ್ತದೆ. ಹೊರಗೆ ಇಂಪೆಲ್ಲರಿಗೆ ಲೋಡ್ ಇಲ್ಲ, ಸ್ಪೀಡ್ ಜಾಸ್ತಿ ತೋರಿಸ್ತದೆ, ಅಲ್ಲಿ ನೋಡಿ ಕಡಿಮೆ ಮಾಡಿ ನೀರಿಗೆ ಇಳಿಸಿದ್ರೆ ಆಫ್ ಆಗ್ತದೆ, ಮತ್ತೆ ಎಂಜಿನ್ ಸರಿ ಇಲ್ಲ ಅಂತ ಹುಡುಕುದು.

ಐಡ್ಲಿಂಗಲ್ಲಿ ನಿಲ್ಲುದಿಲ್ಲ, ಸ್ಕ್ರೂ ತಿರುಗಿಸಿ ರೇಸ್ ಸ್ವಲ್ಪ ಜಾಸ್ತಿ ಇಟ್ಟೆ, ಈಗ ಸರಿ ಉಂಟು. ಹೀಗೇ ಓಡಿಸ್ಬಹುದಲ್ಲ?

ದಯವಿಟ್ಟು ಬೇಡ. ಹೆಚ್ಚಿನವರು ಮಾಡುದು ಇದನ್ನೇ, ಅದಕ್ಕೇ ಇಷ್ಟು ಒತ್ತಿ ಹೇಳುದು.

ಬೈಕಲ್ಲಿ ರೇಸ್ ಜಾಸ್ತಿ ಇಟ್ರೆ ಪೆಟ್ರೋಲ್ ಸ್ವಲ್ಪ ಹೆಚ್ಚು ಹೋಗ್ತದೆ, ಅಷ್ಟೇ. ಜೆಟ್ಟಲ್ಲಿ ಐಡ್ಲಿಂಗ್ ಏರಿಸಿದ್ರೆ ನೀವು ಥ್ರಾಟಲ್ ಬಿಟ್ಟ ಮೇಲೂ ಬೋಟ್ ಜೋರಾಗಿ ಮುಂದೆ ಹೋಗ್ತದೆ. ಭಾನುವಾರ ಸಂಜೆ ಮಲ್ಪೆ ಬೀಚಲ್ಲಿ ನೀರಿಗಿಳಿದ ಮಕ್ಕಳ ನಡುವೆ ಬೋಟ್ ದಡಕ್ಕೆ ತರುವಾಗ ಹೀಗೆ ಆದ್ರೆ ಎಂತ ಆಗ್ಬಹುದು ಅಂತ ನಾನು ಹೇಳ್ಬೇಕಾಗಿಲ್ಲ. ಹತ್ತುವವರು ಹಿಂದಿನಿಂದ ಏಣಿ ಹಿಡಿದಿರುವಾಗ ಎಂಜಿನ್ ಚಾಲೂ ಇಡುವ ಅಭ್ಯಾಸವೂ ಕೆಲವರಿಗೆ ಉಂಟು, ಅದನ್ನಂತೂ ಮಾಡ್ಲೇಬೇಡಿ, ಲ್ಯಾನ್ಯಾರ್ಡ್ (ಎಳೆದ್ರೆ ಎಂಜಿನ್ ಆಫ್ ಆಗುವ ಸುರಕ್ಷತೆಯ ಹಗ್ಗ) ಎಳೆದು ಆಫ್ ಮಾಡಿಯೇ ಹತ್ತಿಸಿ. ಕಡಿಮೆ ನೀರಲ್ಲಿ ಸ್ಪೀಡ್ ಹೆಚ್ಚಿದಷ್ಟೂ ಹೊಯಿಗೆ (ಮರಳು) ಎಳೆಯುದೂ ಹೆಚ್ಚು.

ಎರಡನೇ ಕಾರಣ, ಸ್ಕ್ರೂ ತಿರುಗಿಸಿದ್ರೆ ರೋಗ ಮುಚ್ಚಿ ಹೋಗ್ತದೆ. ಒಂದು ಪ್ಲಗ್ ಸರಿ ಹೊಡೀತಾ ಇಲ್ಲ, ಪೆಟ್ರೋಲಲ್ಲಿ ನೀರುಂಟು, ಶಾಫ್ಟಿಗೆ ದಾರ ಸುತ್ತಿದೆ, ಇದೆಲ್ಲ ಮೊದಲು ಕಾಣುದು ಐಡ್ಲಿಂಗಲ್ಲೇ. ಅಲ್ಲಿ ಕಂಡದ್ದನ್ನು ಮುಚ್ಚಿದ್ರೆ ಅದು ಮತ್ತೆ ಹೇಳಿಕೊಳ್ಳುದು ಅಳಿವೆ ಬಾಯಲ್ಲಿ, ತೆರೆ ಏಳುವ ಜಾಗದಲ್ಲಿ. ಅಲ್ಲಿ ಎಂಜಿನ್ ಆಫ್ ಆದ್ರೆ ಜೆಟ್ಟಿಗೆ ಸ್ಟಿಯರಿಂಗೂ ಇಲ್ಲ, ಯಾಕೆಂದ್ರೆ ಜೆಟ್ ತಿರುಗುದು ನೀರಿನ ಒತ್ತಡದಿಂದ, ಚುಕ್ಕಾಣಿಯಿಂದ ಅಲ್ಲ.

ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಹೊಸ ಬೋಟುಗಳಲ್ಲಿ ಐಡ್ಲಿಂಗ್ ನೋಡಿಕೊಳ್ಳುದು ಇಸಿಯು, ಅಂದ್ರೆ ಎಂಜಿನಿನ ಕಂಪ್ಯೂಟರ್. ಥ್ರಾಟಲ್ ಬಾಡಿಯಲ್ಲಿ ಬಣ್ಣ ಹಚ್ಚಿ ಸೀಲ್ ಮಾಡಿದ ಸ್ಕ್ರೂ ಕಂಡ್ರೆ ಅದು ನಮಗೆ ತಿರುಗಿಸ್ಲಿಕ್ಕೆ ಇಟ್ಟದ್ದಲ್ಲ.

ಮನೆಯಲ್ಲೇ ಟ್ರೇಲರ್ ಮೇಲೆ ಸ್ಟಾರ್ಟ್ ಮಾಡಿ ಐಡ್ಲಿಂಗ್ ನೋಡ್ಬಹುದಾ?

ಫ್ಲಶ್ ಪೈಪ್ ಹಾಕಿ ನೋಡ್ಬಹುದು. ಕ್ರಮ ಮಾತ್ರ ತಪ್ಪಬಾರದು: ಮೊದಲು ಎಂಜಿನ್ ಸ್ಟಾರ್ಟ್, ಆಮೇಲೆ ನಳ್ಳಿ. ನಿಲ್ಲಿಸುವಾಗ ಮೊದಲು ನಳ್ಳಿ ಬಂದ್, ಒಂದೆರಡು ಸಲ ಸಣ್ಣಕ್ಕೆ ರೇಸ್ ಕೊಟ್ಟು ಒಳಗಿನ ನೀರು ಹೊರಗೆ ಹಾಕಿ, ಆಮೇಲೆ ಎಂಜಿನ್ ಆಫ್. ಉಲ್ಟಾ ಮಾಡಿದ್ರೆ ಎಂಜಿನ್ ನಿಂತಿರುವಾಗ ನೀರು ಎಕ್ಸಾಸ್ಟಲ್ಲಿ ತುಂಬಿ ಸಿಲಿಂಡರಿಗೆ ಇಳೀತದೆ, ಒಳ್ಳೆ ಎಂಜಿನ್ ಹಾಳು.

ನೀರಿಲ್ಲದೆ ಸ್ಟಾರ್ಟ್ ಮಾಡಿದ್ರೆ 15 ಸೆಕೆಂಡಿಗಿಂತ ಜಾಸ್ತಿ ಬಿಡ್ಬೇಡಿ, ಎಕ್ಸಾಸ್ಟಿನ ರಬ್ಬರ್ ಪೈಪ್ ಸುಡ್ತದೆ. ಪೈಪ್ ಹಾಕಿದ್ರೂ ತುಂಬ ಹೊತ್ತು ಬೇಡ, ಶಾಫ್ಟ್ ಸೀಲಿಗೆ ತಂಪು ಸಿಗುದು ಬೋಟ್ ನೀರಲ್ಲಿ ಇದ್ದಾಗಲೇ. ಮತ್ತೆ, ಸ್ಟಾರ್ಟ್ ಮಾಡುವ ಮುಂಚೆ ಸೀಟ್ ತೆಗೆದು ಐದು ನಿಮಿಷ ಹಾಗೇ ಬಿಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ಒಡಲಿನ ತಳದಲ್ಲಿ ಕೂತಿರ್ತದೆ, ಒಂದು ಕಿಡಿ ಸಾಕು. ವಾಸನೆ ಬಂದ್ರೆ ಸ್ಟಾರ್ಟ್ ಮಾಡುವ ಮಾತೇ ಇಲ್ಲ, ಲೀಕ್ ಎಲ್ಲಿ ಅಂತ ಮೊದಲು ನೋಡಿ.

## ಪೆಟ್ರೋಲ್, ಪ್ಲಗ್, ಗಾಳಿ

ಮಳೆಗಾಲ ಕಳೆದು ಶೆಡ್ಡಿನಿಂದ ತೆಗ್ದೆವು, ಸ್ಟಾರ್ಟ್ ಆಗ್ತದೆ, ಐಡ್ಲಿಂಗಲ್ಲಿ ಒಂದು ನಿಮಿಷ ನಿಲ್ತದೆ, ಮತ್ತೆ ಆಫ್. ಎಲ್ಲಿಂದ ಶುರು ಮಾಡುದು?

ಪೆಟ್ರೋಲಿಂದ. ನಮ್ಮ ಕಡೆ ಬೀಚಿನ ಬೋಟುಗಳು ಮೇ ತಿಂಗಳ ನಂತರ ಮೇಲೆ ಬಂದು ಸೆಪ್ಟೆಂಬರ್ ಹೊತ್ತಿಗೆ ಇಳಿಯುದು. ಅಷ್ಟು ತಿಂಗಳು ಕರಾವಳಿಯ ಈ ತೇವದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಇದ್ರೆ ಮೇಲಿನ ಖಾಲಿ ಜಾಗದ ಗಾಳಿಯಲ್ಲಿರುವ ನೀರು ಹನಿಯಾಗಿ ಟ್ಯಾಂಕಿನ ತಳಕ್ಕೆ ಇಳೀತದೆ. ಎಂಜಿನಿಗೆ ಪೆಟ್ರೋಲ್ ಹೋಗುದೂ ತಳದಿಂದಲೇ.

ನೋಡುವ ಕ್ರಮ ಹೀಗೆ. ಕೈ ಪಂಪಿನ ಪೈಪನ್ನು ಟ್ಯಾಂಕಿನ ತಳ ಮುಟ್ಟುವ ಹಾಗೆ ಇಳಿಸಿ, ಬಾಯಿಂದ ಎಳೀಬೇಡಿ, ಒಂದು ಬಿಳಿ ಗಾಜಿನ ಬಾಟ್ಲಿಗೆ ಕಾಲು ಲೀಟರ್ ತೆಗೀರಿ. ನೆರಳಲ್ಲಿ, ಬೀಡಿ-ಸಿಗರೇಟ್ ಇಲ್ಲದ ಕಡೆ ಇಟ್ಟು ಸ್ವಲ್ಪ ಹೊತ್ತು ಕಾಯಿರಿ. ಮೊದಲು ಇಡೀ ಬಾಟ್ಲಿ ಮಸುಕಾಗಿ ಕಾಣ್ತದೆ, ಮತ್ತೆ ಮೆಲ್ಲ ತಿಳಿಯಾಗ್ತಾ ಬರ್ತದೆ, ಕೊನೆಗೆ ತಳದಲ್ಲಿ ಬೇರೆಯೇ ಒಂದು ಪದರ ಕೂತುಕೊಳ್ತದೆ, ಬಾಟ್ಲಿ ಓರೆ ಮಾಡಿದ್ರೆ ಆ ಪದರ ಪೆಟ್ರೋಲಿನ ಕೆಳಗೆ ಪ್ರತ್ಯೇಕವಾಗಿ ಜಾರುದು ಕಣ್ಣಿಗೆ ಕಾಣ್ತದೆ. ಹಾಗೆ ಕಂಡ್ರೆ ಮೇಲಿಂದ ಹೊಸ ಪೆಟ್ರೋಲ್ ತುಂಬಿಸಿ ಪ್ರಯೋಜನ ಇಲ್ಲ. ಟ್ಯಾಂಕ್ ಪೂರ್ತಿ ಖಾಲಿ ಮಾಡ್ಬೇಕು, ಫಿಲ್ಟರ್ ಬದಲಿಸ್ಬೇಕು, ಪೈಪಲ್ಲಿ ಉಳಿದದ್ದನ್ನೂ ತೆಗೀಬೇಕು.

ಪದರ ಕಾಣದಿದ್ರೂ ಹಳೆ ವಾರ್ನಿಶ್ ವಾಸನೆ ಬಂದ್ರೆ ಆ ಪೆಟ್ರೋಲೂ ಬೇಡ. ಇಷ್ಟು ಮಾಡದೆ ಇಂಜೆಕ್ಟರ್ ಬಿಚ್ಚುದು, ಸೆನ್ಸರ್ ಬದಲಿಸುದು ಎಲ್ಲ ದುಡ್ಡು ದಂಡ.

ಈಗ ಬಂಕಲ್ಲಿ ಸಿಗುದೆಲ್ಲ ಎಥನಾಲ್ ಹಾಕಿದ್ದು, ಇದರಿಂದಲೇ ಐಡ್ಲಿಂಗ್ ಹಾಳಾಗುದಾ?

ಪೂರ್ತಿ ಅದೇ ಕಾರಣ ಅಂತ ಹೇಳ್ಲಿಕ್ಕೆ ಬರುದಿಲ್ಲ, ಆದರೆ ಪಾಲು ಉಂಟು. 2025ರ ಹೊತ್ತಿಗೆ ದೇಶದಲ್ಲಿ ಇ20 ಸಾಮಾನ್ಯ ಪೆಟ್ರೋಲೇ ಆಯಿತು, ಅಂದ್ರೆ ನೂರಕ್ಕೆ 20 ಪಾಲಿನವರೆಗೆ ಎಥನಾಲ್. ಯಮಹಾ, ಸೀ-ಡೂ ತಮ್ಮ ಜೆಟ್ ಸ್ಕೀ ಮ್ಯಾನುವಲ್‌ನಲ್ಲಿ ನೂರಕ್ಕೆ 10ರವರೆಗಿನ ಎಥನಾಲ್ ಅಂತ ಹೇಳಿದ್ದುಂಟು, ನಿಮ್ಮ ಮಾಡೆಲಿಗೆ ಎಷ್ಟು ಅಂತ ನೋಡಿಕೊಳ್ಳಿ. ಎಥನಾಲ್ ತೇವ ಎಳೀತದೆ, ಎಳೆದದ್ದು ಒಂದು ಮಟ್ಟ ದಾಟಿದ್ರೆ ನೀರು ಮತ್ತು ಎಥನಾಲ್ ಎರಡೂ ಒಟ್ಟಿಗೆ ಪೆಟ್ರೋಲಿಂದ ಬೇರೆಯಾಗಿ ಕೆಳಗೆ ಕೂರ್ತವೆ. ಹಳೆ ಬೋಟಿನ ರಬ್ಬರ್ ಪೈಪ್, ಕಾರ್ಬ್ರೇಟರ್ ಡಯಾಫ್ರಾಮ್ ಗಟ್ಟಿಯಾಗುದೋ ಉಬ್ಬುದೋ ಆಗ್ತದೆ. ಮಿಶ್ರಣ ಸ್ವಲ್ಪ ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಕೂಡ ಆಗ್ತದೆ, ಕಾರ್ಬ್ರೇಟರ್ ಎಂಜಿನಲ್ಲಿ ಅದು ಐಡ್ಲಿಂಗಲ್ಲೇ ಮೊದಲು ಗೊತ್ತಾಗುದು.

ನಮ್ಮ ಕೈಯಲ್ಲಿರುದು ಎರಡು. ವಾರಕ್ಕೆ ಬೇಕಾದಷ್ಟೇ ಹಾಕಿಸಿ, ಕ್ಯಾನಲ್ಲಿ ತಿಂಗಳುಗಟ್ಟಲೆ ಇಡ್ಬೇಡಿ. ಓಟ ಇಲ್ಲದ ದಿನಗಳಿಗೆ ಸ್ಟೆಬಿಲೈಸರ್ (ಪೆಟ್ರೋಲ್ ಬೇಗ ಹಾಳಾಗದ ಹಾಗೆ ಸೇರಿಸುವ ದ್ರವ) ಹಾಕಿ, ಆದರೆ ಸ್ಟೆಬಿಲೈಸರ್ ಈಗಾಗಲೇ ಬೇರೆಯಾದ ನೀರನ್ನು ಸರಿ ಮಾಡುದಿಲ್ಲ.

ಶುರುವಲ್ಲಿ ಚಂದ ಓಡ್ತದೆ, ಹತ್ತು ನಿಮಿಷ ಆದ ಮೇಲೆ ಸ್ಲೋ ಮಾಡಿದ್ರೆ ಆಫ್. ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಸರಿ.

ಆಫ್ ಆದ ಕೂಡ್ಲೇ ಪೆಟ್ರೋಲ್ ಮುಚ್ಚಳ ಮೆಲ್ಲ ತೆಗೀರಿ. ಸುಯ್ ಅಂತ ಗಾಳಿ ಒಳಗೆ ಎಳೆದ ಶಬ್ದ ಬಂದು ಆಮೇಲೆ ಎಂಜಿನ್ ಸರಿ ಓಡಿದ್ರೆ ಟ್ಯಾಂಕಿನ ವೆಂಟ್ ಬ್ಲಾಕ್. ಉಪ್ಪು ಕಟ್ಟಿಯೋ ಕಣಜದ ಹುಳ ಗೂಡು ಮಾಡಿಯೋ ವೆಂಟ್ ಪೈಪ್ ಮುಚ್ಚುದುಂಟು. ಶಬ್ದ ಬಾರದಿದ್ರೆ ಬಿಸಿಗೆ ಸಂಬಂಧಪಟ್ಟದ್ದು ಇರ್ಬಹುದು, ಕೆಳಗೆ ಬರೆದಿದ್ದೇನೆ.

ಪ್ಲಗ್ ತೆಗೆದು ನೋಡಿ ಎಂತ ತಿಳ್ಕೊಳ್ಳುದು?

ತುಂಬ ತಿಳೀತದೆ. ಎಲ್ಲ ಪ್ಲಗ್ ತೆಗೆದು ಯಾವುದು ಯಾವ ಸಿಲಿಂಡರಿನದು ಅಂತ ಸಾಲಾಗಿ ಇಡಿ, ಒಂದೊಂದನ್ನೇ ನೋಡುದಕ್ಕಿಂತ ಒಂದಕ್ಕೊಂದು ಹೋಲಿಸಿ ನೋಡುದು ಮುಖ್ಯ. ಎಲ್ಲವೂ ಒಂದೇ ತರ ತಿಳಿ ಕಂದು ಇದ್ರೆ ಒಳ್ಳೇದು. ಎಲ್ಲವೂ ಕಪ್ಪು ಮಸಿ ಆದ್ರೆ ಪೆಟ್ರೋಲ್ ಹೆಚ್ಚು ಅಥವಾ ಗಾಳಿ ಕಡಿಮೆ, ಬರೀ ಐಡ್ಲಿಂಗಲ್ಲೇ ತುಂಬ ಹೊತ್ತು ಬಿಟ್ಟರೂ ಹಾಗೆ ಆಗ್ತದೆ. ಎಲ್ಲವೂ ಬೆಳ್ಳಗೆ ಇದ್ರೆ ಲೀನ್, ಹುಷಾರಾಗ್ಬೇಕು. ಒಂದು ಮಾತ್ರ ಪೆಟ್ರೋಲಲ್ಲಿ ಒದ್ದೆಯಾಗಿದ್ರೆ ಆ ಸಿಲಿಂಡರ್ ಹೊಡೀತಾ ಇಲ್ಲ: ಪ್ಲಗ್, ಕ್ಯಾಪ್, ಕಾಯಿಲ್ ಈ ಕ್ರಮದಲ್ಲಿ ಬದಲಿಸಿ ನೋಡಿ. ನೀರಿನ ಹನಿಯೋ ತುಕ್ಕಿನ ಬಣ್ಣವೋ ಕಂಡ್ರೆ ನೀರು ಒಳಗೆ ಹೋಗ್ತಾ ಉಂಟು, ಸ್ಟಾರ್ಟ್ ಮಾಡುದು ನಿಲ್ಲಿಸಿ.

ಎಂಜಿನ್ ಓಡ್ತಾ ಇರುವಾಗ ಒಂದೊಂದೇ ಕ್ಯಾಪ್ ಎಳೆದು ನೋಡುವ ಹಳೆ ಉಪಾಯ ಜೆಟ್ಟಲ್ಲಿ ಬೇಡ. ಕಿಡಿ ಹಾರುದು ಪೆಟ್ರೋಲ್ ಆವಿ ಇರುವ ಮುಚ್ಚಿದ ಜಾಗದಲ್ಲಿ, ಮೇಲಿಂದ ಇಗ್ನಿಷನ್ ಬಾಕ್ಸೂ ಸುಟ್ಟುಹೋಗ್ಬಹುದು. ಹೊಸ ಪ್ಲಗ್ ಹಾಕುವಾಗ ಮ್ಯಾನುವಲ್‌ನಲ್ಲಿ ಹೇಳಿದ ನಂಬರನ್ನೇ ಹಾಕಿ, ಗ್ಯಾಪ್ ಅಳೀರಿ, ಕ್ಯಾಪಿನ ಒಳಗೆ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಹಚ್ಚಿ, ನಮ್ಮ ಉಪ್ಪುಗಾಳಿಗೆ ಅದು ಬೇಕೇ ಬೇಕು.

ಐಡ್ಲಿಂಗ್ ಒಂದೇ ತರ ನಿಲ್ಲುದಿಲ್ಲ, ಏರ್ತದೆ ಇಳೀತದೆ ಏರ್ತದೆ ಇಳೀತದೆ...

ಫೋರ್ ಸ್ಟ್ರೋಕ್ ಇಂಜೆಕ್ಷನ್ ಎಂಜಿನಲ್ಲಿ ಇದಕ್ಕೆ ಹೆಚ್ಚಾಗಿ ಕಾರಣ ಲೆಕ್ಕಕ್ಕೆ ಸಿಗದ ಗಾಳಿ. ಥ್ರಾಟಲ್ ಬಾಡಿ ದಾಟಿದ ಮೇಲೆ ಎಲ್ಲೋ ಪೈಪ್ ಬಿರುಕು, ಕ್ಲಿಪ್ ಸಡಿಲ, ಇಂಟೇಕ್ ಗ್ಯಾಸ್ಕೆಟ್ ಹೋಗಿದೆ, ಅಲ್ಲಿಂದ ಗಾಳಿ ಒಳಗೆ ನುಗ್ತದೆ, ಇಸಿಯು ಅದಕ್ಕೆ ಸರಿದೂಗಿಸ್ತದೆ, ಜಾಸ್ತಿಯಾಯ್ತು ಅಂತ ಮತ್ತೆ ಇಳಿಸ್ತದೆ. ಇಲ್ಲಾಂದ್ರೆ ಐಡ್ಲಿಂಗಿಗೆ ಗಾಳಿ ಬಿಡುವ ಬೈಪಾಸ್ ವಾಲ್ವ್ ಮಸಿ ಹಿಡಿದು ಅಂಟಿಕೊಂಡಿರ್ತದೆ.

ಲೀಕ್ ಹುಡುಕ್ಲಿಕ್ಕೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯುವವರನ್ನು ನೋಡಿದ್ದೇನೆ. ಗ್ಯಾರೇಜಲ್ಲಿ ತೆರೆದ ಬೈಕಿಗೆ ಅದು ನಡೀತದೆ, ಜೆಟ್ಟಿನ ಮುಚ್ಚಿದ ಒಡಲಿನಲ್ಲಿ ಬಿಸಿ ಎಂಜಿನ್ ಮೇಲೆ ಹೊಡೆದ್ರೆ ಬೆಂಕಿ ಹತ್ತಿಕೊಳ್ಳುವ ಅಪಾಯ ಉಂಟು. ಸಾಬೂನು ನೀರು ಸಣ್ಣ ಸ್ಪ್ರೇ ಬಾಟ್ಲಿಯಲ್ಲಿ ತಗೊಂಡು ಜಾಯಿಂಟ್ ಜಾಯಿಂಟಿಗೆ ಹಾಕಿ, ಯಾವ ಕಡೆ ಹಾಕಿದಾಗ ಎಂಜಿನಿನ ಶಬ್ದ ಬದಲಾಗ್ತದೋ ಅಲ್ಲಿ ಲೀಕ್. ಕನೆಕ್ಟರ್ ಮೇಲೆ ಹಾಕ್ಬೇಡಿ.

## ನೀರಿಗಿಳಿದ ಮೇಲಿನ ತೊಂದರೆ

ಪೈಪ್ ಹಾಕಿದ್ರೆ ಐಡ್ಲಿಂಗ್ ಫಸ್ಟ್ ಕ್ಲಾಸ್. ನೀರಿಗೆ ಇಳಿಸಿದ ಕೂಡ್ಲೇ ಆಫ್. ಮೆಕ್ಯಾನಿಕ್ ಎಂಜಿನ್ ಸರಿ ಉಂಟು ಅಂತಾರೆ.

ಅವರು ಹೇಳಿದ್ದು ಸರಿ ಇರ್ಬಹುದು, ಪಂಪ್ ನೋಡಿ. ಇದೇ ಜೆಟ್ಟಿಗೆ ಮಾತ್ರ ಇರುವ ಲಕ್ಷಣ, ಬೇರೆ ಎಂಜಿನ್ ಗೊತ್ತಿರುವವರಿಗೂ ಹೊಳೆಯುದಿಲ್ಲ. ಇಂಪೆಲ್ಲರಿಗೋ ಶಾಫ್ಟಿಗೋ ಎಂತಾದ್ರೂ ಸುತ್ತಿಕೊಂಡಿದ್ರೆ ಲೋಡ್ ಇಲ್ಲದಾಗ ಎಂಜಿನ್ ಹೇಗೋ ತಿರುಗಿಸ್ತದೆ, ನೀರು ಸೇರಿದ ಮೇಲೆ ಐಡ್ಲಿಂಗಿನ ಸಣ್ಣ ಶಕ್ತಿಗೆ ಆಗುದಿಲ್ಲ.

ಮಲ್ಪೆ ಬಂದರು ಹತ್ತಿರ ಓಡಿಸುವವರಿಗೆ ಹೆಚ್ಚಾಗಿ ಸಿಗುದು ಬಲೆಯ ತುಂಡು, ನೈಲಾನ್ ದಾರ. ಎಂಜಿನ್ ಆಫ್ ಮಾಡಿ, ಲ್ಯಾನ್ಯಾರ್ಡ್ ತೆಗೆದು ಕಿಸೆಯಲ್ಲಿ ಇಟ್ಟುಕೊಂಡು, ಆಮೇಲೆ ಕೆಳಗಿನ ಗ್ರೇಟ್ (ನೀರು ಒಳಗೆ ಹೋಗುವ ಬಾಯಿಯ ಸರಳುಗಳು) ಕಡೆಯಿಂದ ಟಾರ್ಚ್ ಹಾಕಿ ನೋಡಿ. ಹಸಿರು ದಾರ ಆದ್ರೆ ಕಾಣ್ತದೆ. ತೆಳು ತಂಗೂಸಿ (ಗಾಳದ ನೈಲಾನ್ ದಾರ) ಹಾಗಲ್ಲ, ಇಂಪೆಲ್ಲರಿನ ಮುಂದೆ ಶಾಫ್ಟಿಗೆ ಬಿಗಿಯಾಗಿ ಸುತ್ತಿ, ತಿರುಗುವ ಬಿಸಿಗೆ ಕರಗಿ, ಶಾಫ್ಟಿಗೇ ಹಾಕಿದ ಪ್ಲಾಸ್ಟಿಕ್ ಬಳೆಯ ಹಾಗೆ ನಯವಾಗಿ ಕೂತಿರ್ತದೆ, ಕಣ್ಣಿಗೆ ಅದು ಬೋಟಿನದ್ದೇ ಭಾಗ ಅಂತ ಕಾಣ್ತದೆ. ಉಗುರಲ್ಲಿ ಕೆರೆದು ನೋಡಿ. ಎಳೆದು ಬಿಡಿಸ್ಲಿಕ್ಕೆ ಆಗುದಿಲ್ಲ, ಬ್ಲೇಡಲ್ಲಿ ಉದ್ದಕ್ಕೆ ಕೊಯ್ದು ತೆಗೀಬೇಕು, ಸೀಲಿಗೆ ತಾಗಿಸ್ಬಾರದು. ಅಲ್ಲಿ ಕೈ ಹೋಗದಿದ್ರೆ ಪಂಪ್ ಬಿಚ್ಚಿಸಿ.

ದಾರ ಇಲ್ಲದಿದ್ರೆ ಶಾಫ್ಟನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿ ನೋಡಿ, ಪ್ಲಗ್ ತೆಗೆದಿಟ್ಟು ತಿರುಗಿಸಿದ್ರೆ ಸುಲಭ. ಕರಕರ ಅಂತ ಹೊಯಿಗೆ ಶಬ್ದ ಬಂದ್ರೆ ಪಂಪಿನ ಬೇರಿಂಗ್ ಹೋಗಿದೆ.

ಹೊಯಿಗೆಯಲ್ಲಿ ಸ್ಟಾರ್ಟ್ ಮಾಡಿದ್ರೆ ಎಂತ ಆಗ್ತದೆ? ಎಲ್ಲರೂ ದಡದಲ್ಲೇ ಮಾಡ್ತಾರಲ್ಲ

ಮಾಡ್ತಾರೆ, ಪಂಪಿನ ಆಯುಷ್ಯವೂ ಅಲ್ಲೇ ಮುಗೀತದೆ. ಬೋಟಿನ ತಳದಿಂದ ಕೆಳಗೆ ಕನಿಷ್ಠ 60 ಸೆಂಟಿಮೀಟರ್ ನೀರು ಬೇಕು ಅಂತ ಕೆಲವು ಕಂಪನಿ ಹೇಳ್ತವೆ, ಕೆಲವು 90 ಹೇಳ್ತವೆ. ಸೊಂಟದ ನೀರಿಗೆ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡಿ. ಹೊಯಿಗೆ ಕೂಲಿಂಗ್ ದಾರಿಯಲ್ಲಿ ಕೂತ್ರೆ ಎಂಜಿನ್ ಬಿಸಿಯಾಗಿ ಲಿಂಪ್ ಮೋಡಿಗೆ (ತನ್ನಷ್ಟಕ್ಕೆ ಸ್ಪೀಡ್ ಕಡಿಮೆ ಮಾಡಿಕೊಳ್ಳುವ ಸ್ಥಿತಿ) ಹೋಗ್ತದೆ. ಬರುವಾಗಲೂ ಅಷ್ಟೇ ಆಳದಲ್ಲಿ ಆಫ್ ಮಾಡಿ, ಉಳಿದದ್ದು ಕೈಯಲ್ಲಿ ತಳ್ಳಿ.

ಬೋಟ್ ಮಗುಚಿತ್ತು, ಎತ್ತಿ ಸರಿ ಮಾಡಿದ ಮೇಲೆ ಐಡ್ಲಿಂಗ್ ಇಲ್ಲವೇ ಇಲ್ಲ

ಎತ್ತಿದ್ದು ಯಾವ ಕಡೆಗೆ? ಹಿಂದುಗಡೆ ಸ್ಟಿಕ್ಕರಲ್ಲಿ ಬಾಣ ಹಾಕಿರ್ತಾರೆ, ಮಗುಚಿದ ಬೋಟನ್ನು ಆ ದಿಕ್ಕಿಗೇ ತಿರುಗಿಸ್ಬೇಕು. ಉಲ್ಟಾ ತಿರುಗಿಸಿದ್ರೆ ಎಕ್ಸಾಸ್ಟಿನ ನೀರು ಸೀದ ಎಂಜಿನಿಗೆ ಇಳೀತದೆ.

ನೀರು ಹೋಗಿರುವ ಸಂಶಯ ಇದ್ರೆ ಸೆಲ್ಫ್ ಹೊಡೀತಾ ಕೂರ್ಬೇಡಿ. ನೀರನ್ನು ಪಿಸ್ಟನ್ ಒತ್ತಿ ಸಣ್ಣ ಮಾಡ್ಲಿಕ್ಕೆ ಆಗುದಿಲ್ಲ, ಬಗ್ಗುದು ಕನೆಕ್ಟಿಂಗ್ ರಾಡ್. ಪ್ಲಗ್ ಎಲ್ಲ ತೆಗೆದು, ಕ್ಯಾಪುಗಳನ್ನು ಗ್ರೌಂಡಿಂಗ್ ಗೂಟಕ್ಕೆ ಹಾಕಿ, ಆಮೇಲೆ ಸ್ವಲ್ಪ ಸ್ವಲ್ಪ ಸೆಲ್ಫ್ ಹೊಡೆದು ನೀರು ಹೊರಗೆ ಹಾಕಿ, ಮುಖ ಪ್ಲಗ್ ತೂತಿನ ಎದುರು ಇಡ್ಬೇಡಿ. ಫೋರ್ ಸ್ಟ್ರೋಕ್ ಆದ್ರೆ ಡಿಪ್‌ಸ್ಟಿಕ್ ನೋಡಿ, ಆಯಿಲ್ ಬೆಳ್ಳಗೆ ನೊರೆಯಾಗಿ ಕಂಡ್ರೆ ನೀರು ಸೇರಿದೆ, ಆಯಿಲ್ ಬದಲಿಸಿ ಸ್ವಲ್ಪ ಓಡಿಸಿ ಮತ್ತೆ ಬದಲಿಸಿ, ಸ್ವಚ್ಛ ಬರುವವರೆಗೆ. ಇದು ಅವತ್ತೇ ಮಾಡುವ ಕೆಲಸ, ನಾಳೆಗೆ ಇಟ್ರೆ ಉಪ್ಪುನೀರು ಬೇರಿಂಗ್ ತಿಂದುಬಿಡ್ತದೆ.

ಆಫ್ ಆದ ಬೋಟನ್ನು ಬೇರೆ ಬೋಟಿಗೆ ಕಟ್ಟಿ ಎಳ್ಕೊಂಡು ಬಂದೆವು, ಆಮೇಲೆ ಸ್ಟಾರ್ಟೇ ಆಗುದಿಲ್ಲ

ಜೋರಾಗಿ ಎಳೆದಿರ್ತೀರಿ. ಎಳೆಯುವಾಗ ನೀರು ಪಂಪಿನ ಮೂಲಕ ಒತ್ತಡದಲ್ಲಿ ಕೂಲಿಂಗ್ ಪೈಪಿಗೆ ನುಗ್ತದೆ, ಎಂಜಿನ್ ಓಡ್ತಾ ಇಲ್ಲದ ಕಾರಣ ಹೊರಗೆ ಹಾಕುವವರಿಲ್ಲ, ಎಕ್ಸಾಸ್ಟ್ ತುಂಬಿ ಎಂಜಿನಿಗೆ ಬರ್ತದೆ. ಗಂಟೆಗೆ 8 ಕಿಲೋಮೀಟರ್ ಒಳಗೆ ಮೆಲ್ಲ ಎಳೀಬೇಕು, ಕೂಲಿಂಗ್ ಪೈಪಿಗೆ ಕ್ಲಾಂಪ್ ಹಾಕುವ ಜಾಗ ಇದ್ರೆ ಹಾಕ್ಬೇಕು, ಸ್ಟಾರ್ಟ್ ಮಾಡುವ ಮುಂಚೆ ನೆನಪಿಟ್ಟು ತೆಗೀಬೇಕು.

## ಬಿಚ್ಚಿ ನೋಡುವವರಿಗೆ

ಹಳೆ ಟೂ ಸ್ಟ್ರೋಕ್, ಫುಲ್ ಥ್ರಾಟಲಲ್ಲಿ ಬೆಂಕಿ ಹಾಗೆ ಓಡ್ತದೆ, ಸ್ಲೋದಲ್ಲಿ ನಿಲ್ಲುದಿಲ್ಲ

ಕಾರ್ಬ್ರೇಟರಿನ ಪೈಲಟ್ ಜೆಟ್, ಅಂದ್ರೆ ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ತುಂಡು. ಫುಲ್ ಥ್ರಾಟಲಿಗೆ ಪೆಟ್ರೋಲ್ ಕೊಡುದು ಮೇನ್ ಜೆಟ್, ಅದರ ತೂತು ದೊಡ್ಡದು, ಕಸ ನಿಲ್ಲುದಿಲ್ಲ. ಐಡ್ಲಿಂಗಿನ ತೂತು ಕೂದಲೆಳೆಯಷ್ಟೇ, ಹಳೆ ಪೆಟ್ರೋಲಿನ ಅಂಟು ಅಲ್ಲಿ ಹಿಡಿದುಕೊಳ್ತದೆ. ಹೊರಗಿನಿಂದ ಕ್ಲೀನರ್ ಹೊಡೆದ್ರೆ ಎರಡು ದಿನ ಸರಿ ಆದ ಹಾಗೆ ಆಗಿ ಮತ್ತೆ ಅದೇ ಕಥೆ. ಪೂರ್ತಿ ಬಿಚ್ಚಿ, ಕಾರ್ಬ್ರೇಟರ್ ಒಳಗೇ ಇರುವ ಸಣ್ಣ ಜಾಲರಿ ಫಿಲ್ಟರನ್ನೂ ತೆಗೆದು ತೊಳೆದು, ಡಯಾಫ್ರಾಮ್ ಕಿಟ್ ಹೊಸದು ಹಾಕಿ. ತಂತಿ ತೂರಿಸ್ಬೇಡಿ, ತೂತು ದೊಡ್ಡದಾದ್ರೆ ಆ ಪೈಲಟ್ ಜೆಟ್ಟನ್ನೇ ಬದಲಿಸ್ಬೇಕು.

ಹಳೆ ಸೀ-ಡೂಗಳಲ್ಲಿ ಬೂದು ಬಣ್ಣದ ಪೆಟ್ರೋಲ್ ಪೈಪ್ ಕಂಡ್ರೆ ಮೊದಲು ಅದನ್ನು ಕಿತ್ತು ಹೊಸ ಪೈಪ್ ಹಾಕಿ. ಆ ಪೈಪಿನ ಒಳಗೆ ಹಸಿರು ಅಂಟು ಬಿಡ್ತದೆ, ಕಾರ್ಬ್ರೇಟರ್ ಎಷ್ಟು ಸಲ ತೊಳೆದ್ರೂ ಮತ್ತೆ ಬ್ಲಾಕ್ ಆಗ್ತಾನೇ ಇರ್ತದೆ. ಲೋ ಸ್ಪೀಡ್ ಸ್ಕ್ರೂ ಕೂರಿಸುವಾಗ ಕೊನೆಗೆ ತಾಗುವವರೆಗೆ ಹಗುರಕ್ಕೆ ತಿರುಗಿಸಿ, ಅಲ್ಲಿಂದ ಮ್ಯಾನುವಲ್ ಹೇಳಿದಷ್ಟು ಸುತ್ತು ಹಿಂದೆ. ಬಿಗಿ ಮಾಡಿದ್ರೆ ತುದಿ ಹಾಳಾಗಿ ಮತ್ತೆ ಟ್ಯೂನಿಂಗೇ ಬರುದಿಲ್ಲ.

ಟೂ ಸ್ಟ್ರೋಕ್ ತನ್ನಷ್ಟಕ್ಕೆ ರೇಸ್ ಏರಿಸ್ತದೆ, ಥ್ರಾಟಲ್ ಬಿಟ್ರೂ ಇಳಿಯುದಿಲ್ಲ

ಕೂಡ್ಲೇ ಲ್ಯಾನ್ಯಾರ್ಡ್ ಎಳೀರಿ. ನಿಲ್ಲದಿದ್ರೆ ಚೋಕ್ ಪೂರ್ತಿ ಎಳೀರಿ. ಎಲ್ಲಿಂದಲೋ ಗಾಳಿ ಒಳಗೆ ಹೋಗಿ ಮಿಶ್ರಣ ಲೀನ್ ಆಗಿದೆ: ಕಾರ್ಬ್ರೇಟರ್ ಬುಡದ ಗ್ಯಾಸ್ಕೆಟ್, ಕ್ರ್ಯಾಂಕ್ ಸೀಲ್, ಪಲ್ಸ್ ಪೈಪ್. ಟೂ ಸ್ಟ್ರೋಕಲ್ಲಿ ಆಯಿಲ್ ಬರುದೂ ಆ ಮಿಶ್ರಣದ ಒಟ್ಟಿಗೇ, ಹಾಗಾಗಿ ಲೀನಲ್ಲಿ ಓಡಿಸಿದ್ರೆ ಪಿಸ್ಟನ್ ಜಾಮ್. ಲೀಕ್ ಸಿಗುವವರೆಗೆ ನೀರಿಗೆ ಇಳಿಸ್ಬೇಡಿ.

ಹ್ಯಾಂಡಲ್ ತಿರುಗಿಸಿದಾಗ ಮಾತ್ರ ಸ್ಪೀಡ್ ಏರ್ತದೆ

ಥ್ರಾಟಲ್ ಕೇಬಲಿಗೆ ಆಟ ಇಲ್ಲ, ಅಥವಾ ಕೇಬಲ್ ಹೋಗುವ ದಾರಿ ತಪ್ಪಿದೆ. ಉಪ್ಪು ಹಿಡಿದು ಬಿಗಿಯಾಗಿದ್ರೆ ಹೊಸ ಕೇಬಲ್ ಹಾಕಿ.

ಬಿಸಿಯಾದ ಮೇಲೆ ಮಾತ್ರ ಆಫ್ ಆಗ್ತದೆ, ತಣ್ಣಗಾದ್ರೆ ಸರಿ

ಆಫ್ ಆದ ಆ ಹೊತ್ತಲ್ಲೇ ಪ್ಲಗ್ಗಿನ ಕಿಡಿ ಉಂಟಾ ಇಲ್ವಾ ನೋಡುದು ಮುಖ್ಯ, ದಡಕ್ಕೆ ಬಂದು ತಣ್ಣಗಾದ ಮೇಲೆ ನೋಡಿದ್ರೆ ಎಲ್ಲ ಸರಿಯೇ ಇರ್ತದೆ. ಸೀಟ್ ತೆರೆದು ಆವಿ ಹೋಗ್ಲಿಕ್ಕೆ ಬಿಟ್ಟು, ಸ್ಪಾರ್ಕ್ ಟೆಸ್ಟರ್ ಹಾಕಿ ನೋಡಿ. ಕಿಡಿ ಇಲ್ಲದಿದ್ರೆ ಕಾಯಿಲ್ ಅಥವಾ ಪಲ್ಸರ್ ಕಾಯಿಲ್, ಬಿಸಿಗೆ ಒಳಗಿನ ತಂತಿ ಬಿಟ್ಟುಕೊಳ್ತದೆ. ಕಿಡಿ ಇದ್ರೆ ಫ್ಯುಯೆಲ್ ಪಂಪಿನ ಪ್ರೆಷರ್ ನೋಡಿ. ಎರಡೂ ಸರಿ ಇದ್ದು ಫೋರ್ ಸ್ಟ್ರೋಕ್ ತುಂಬ ಓಡಿದ್ದಾದ್ರೆ ವಾಲ್ವ್ ಕ್ಲಿಯರೆನ್ಸ್ ಬಿಗಿಯಾಗಿರ್ಬಹುದು, ಬಿಸಿಗೆ ವಾಲ್ವ್ ಪೂರ್ತಿ ಮುಚ್ಚುದಿಲ್ಲ, ಕಂಪ್ರೆಷನ್ ಹೋಗ್ತದೆ. ಕಂಪ್ರೆಷನ್ ಅಳೆಯುವಾಗ ಎಲ್ಲ ಪ್ಲಗ್ ತೆಗೆದು, ಕ್ಯಾಪ್ ಗ್ರೌಂಡ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಅಳೀರಿ. ಸಿಲಿಂಡರ್ ಸಿಲಿಂಡರಿಗೆ ನೂರಕ್ಕೆ 10-15ಕ್ಕಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಟ್ಯೂನಿಂಗಲ್ಲಿ ಸರಿ ಆಗುವ ಮಾತಲ್ಲ.

ಬ್ಯಾಟರಿಗೂ ಐಡ್ಲಿಂಗಿಗೂ ಎಂತ ಸಂಬಂಧ? ಸೆಲ್ಫ್ ತಗೊಳ್ತದಲ್ಲ

ಇಂಜೆಕ್ಷನ್ ಎಂಜಿನಲ್ಲಿ ತುಂಬ ಸಂಬಂಧ ಉಂಟು. ಐಡ್ಲಿಂಗಲ್ಲಿ ಚಾರ್ಜಿಂಗ್ ಕಡಿಮೆ, ಬ್ಯಾಟರಿ ವೀಕ್ ಇದ್ರೆ ಫ್ಯುಯೆಲ್ ಪಂಪಿಗೆ, ಇಂಜೆಕ್ಟರಿಗೆ ಸಾಕಷ್ಟು ವೋಲ್ಟೇಜ್ ಸಿಗುದಿಲ್ಲ. ರಾತ್ರಿ ಇಟ್ಟ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ಹತ್ತಿರ ತೋರಿಸ್ಬೇಕು, 12.2 ಅಂದ್ರೆ ಅರ್ಧ ಖಾಲಿ. ಎಂಜಿನ್ ಓಡುವಾಗ 14ರ ಆಸುಪಾಸು ಬರ್ಬೇಕು. ಬ್ಯಾಟರಿ ಒಳ್ಳೇದಿದ್ರೂ ಎಂಜಿನಿಗೆ ಬೋಲ್ಟ್ ಮಾಡಿದ ಗ್ರೌಂಡ್ ವಯರಿನ ತುದಿ ಬಿಚ್ಚಿ ನೋಡಿ, ಹಸಿರು ಕಿಲುಬು ಇದ್ರೆ ಕೆರೆದು ಸ್ವಚ್ಛ ಮಾಡಿ ಬಿಗಿ ಮಾಡಿ. ದುಬಾರಿ ಸೆನ್ಸರ್ ಬದಲಿಸಿದ ಮೇಲೂ ಸರಿ ಆಗದ ಎಷ್ಟೋ ಬೋಟು ಈ ಒಂದು ಬೋಲ್ಟಿನಿಂದ ಸರಿ ಆದದ್ದುಂಟು.

ಥ್ರಾಟಲ್ ಬಾಡಿ ಕ್ಲೀನ್ ಮಾಡಿದ ಮೇಲೆ ಐಡ್ಲಿಂಗ್ ಇನ್ನೂ ಹಾಳಾಯ್ತು!

ಮಸಿ ಇದ್ದಾಗ ಎಷ್ಟು ಗಾಳಿ ಬರ್ತದೋ ಅದಕ್ಕೆ ಇಸಿಯು ಒಗ್ಗಿಕೊಂಡಿತ್ತು, ಈಗ ಗಾಳಿ ಜಾಸ್ತಿ. ಕೆಲವು ಮಾಡೆಲಲ್ಲಿ ಸ್ವಲ್ಪ ಓಡಿದ ಮೇಲೆ ತನ್ನಷ್ಟಕ್ಕೆ ಸರಿಯಾಗ್ತದೆ. ಕೆಲವದರಲ್ಲಿ ಥ್ರಾಟಲ್ ಮುಚ್ಚಿದ ಸ್ಥಾನ ಯಾವುದು ಅಂತ ಟಿಪಿಎಸ್ಸಿಗೆ (ಥ್ರಾಟಲ್ ಎಷ್ಟು ತೆರೆದಿದೆ ಅಂತ ಹೇಳುವ ಸೆನ್ಸರ್) ಮತ್ತೆ ಕಲಿಸ್ಬೇಕು, ಅದಕ್ಕೆ ಕಂಪನಿ ಸಾಫ್ಟ್‌ವೇರ್ ಬೇಕು, ಸೀ-ಡೂಗೆ ಬಡ್ಸ್, ಯಮಹಾಕ್ಕೆ ವೈಡಿಐಎಸ್. ಆ ಸಾಫ್ಟ್‌ವೇರ್ ಇರುವವರ ಹತ್ತಿರ ಹೋಗುವಾಗ ಇಷ್ಟು ದಿನ ನೀವು ಎಂತೆಂತ ಮುಟ್ಟಿದ್ದೀರಿ ಅಂತ ಬಿಡದೆ ಹೇಳಿ, ಅವರ ಅರ್ಧ ದಿನ ಉಳೀತದೆ, ನಿಮ್ಮ ದುಡ್ಡೂ.

ಡೀಸೆಲ್ ಜೆಟ್ ಬೋಟಿಗೂ ಇದೇ ಲೆಕ್ಕವಾ?

ಪಂಪಿನ ಕಥೆ ಅದೇ. ಎಂಜಿನ್ ಕಡೆ ಪ್ಲಗ್ ಇಲ್ಲ, ಥ್ರಾಟಲ್ ಬಾಡಿಯ ರಗಳೆ ಕಡಿಮೆ. ಐಡ್ಲಿಂಗ್ ಏರಿಳಿದ್ರೆ ಡೀಸೆಲ್ ಲೈನಲ್ಲಿ ಗಾಳಿ ಸೇರಿದೆಯಾ, ವಾಟರ್ ಸೆಪರೇಟರ್ ತುಂಬಿದೆಯಾ, ಫಿಲ್ಟರ್ ಬ್ಲಾಕಾ, ಈ ಮೂರು ಮೊದಲು. ನಮ್ಮ ಮೀನುಗಾರಿಕೆ ಬೋಟಿನ ಮೆಕ್ಯಾನಿಕ್ಕುಗಳಿಗೆ ಇದು ಚೆನ್ನಾಗಿ ಗೊತ್ತುಂಟು, ಅವರನ್ನೇ ಕೇಳಿ.

ಮುಂದಿನ ಮಳೆಗಾಲಕ್ಕೆ ಇಡುವಾಗ ಎಂತ ಮಾಡಿದ್ರೆ ಸೆಪ್ಟೆಂಬರಲ್ಲಿ ಈ ಕಿರಿಕಿರಿ ಇರುದಿಲ್ಲ?

ಸಿಹಿನೀರಲ್ಲಿ ಚೆನ್ನಾಗಿ ಫ್ಲಶ್ ಮಾಡಿ. ಬೇಸಿಗೆಯ ಕೊನೆಗೆ ಕಡಲ ಬದಿಯ ಎಷ್ಟೋ ಬಾವಿಗಳ ನೀರೇ ಉಪ್ಪಾಗಿರ್ತದೆ, ಬಾಯಿಗೆ ಹಾಕಿ ನೋಡಿ ಆಮೇಲೆ ಪೈಪ್ ಹಾಕಿ. ಕಾರ್ಬ್ರೇಟರ್ ಬೋಟಾದ್ರೆ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ. ಇಂಜೆಕ್ಷನ್ ಆದ್ರೆ ಹೊಸ ಪೆಟ್ರೋಲಿಗೆ ಸ್ಟೆಬಿಲೈಸರ್ ಸೇರಿಸಿ ಟ್ಯಾಂಕ್ ಹೆಚ್ಚುಕಡಿಮೆ ತುಂಬಿಸಿ, ಕೆಲವು ನಿಮಿಷ ಪೈಪ್ ಹಾಕಿ ಓಡಿಸಿ, ಇಂಜೆಕ್ಟರಿನವರೆಗೂ ಅದು ಹೋಗ್ಬೇಕು. ಸಿಲಿಂಡರಿಗೆ ಫಾಗಿಂಗ್ ಆಯಿಲ್ (ತುಕ್ಕು ತಡೆಯುವ ಸ್ಪ್ರೇ ಎಣ್ಣೆ) ಹಾಕಿ. ಬ್ಯಾಟರಿ ತೆಗೆದು ಮನೆಯೊಳಗೆ ಇಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ತಳದ ಡ್ರೈನ್ ಪ್ಲಗ್ ತೆಗೆದು ಬೋಟಿನ ಹ್ಯಾಂಡಲಿಗೇ ಕಟ್ಟಿ ಇಡಿ, ಸೀಟನ್ನು ಸಣ್ಣ ಮರದ ತುಂಡು ಇಟ್ಟು ಸ್ವಲ್ಪ ಎತ್ತಿಟ್ರೆ ಒಳಗೆ ಗಾಳಿ ಆಡ್ತದೆ. ಎಕ್ಸಾಸ್ಟ್ ಬಾಯಿಗೆ, ವೆಂಟಿಗೆ ಬಟ್ಟೆ ತುರುಕುದಾದ್ರೆ ಕೆಂಪು ಬಟ್ಟೆ ಹಾಕಿ ಹೊರಗೆ ನೇತಾಡುವ ಹಾಗೆ ಬಿಡಿ, ಸ್ಟಾರ್ಟ್ ಮಾಡುವ ದಿನ ಮೊದಲು ಕಣ್ಣಿಗೆ ಬೀಳುದು ಅದೇ ಆಗ್ಬೇಕು.